ಬಿಸಿಲು ಬರದ ಮನೆಗೆ ಯಾವ ಗಿಡ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ ನಮ್ಮದು. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ. ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಎಷ್ಟು ಸಲ ಗಿಡ ತಂದರೂ ಎರಡು ಮೂರು ತಿಂಗಳಿಗೆ ಕೊಳೆತು ಹೋಗುತ್ತವೆ. ಜಾಸ್ತಿ ಆರೈಕೆ ಬೇಡದ ಗಿಡ ಯಾವುದು ಹೇಳಿ.

ಉತ್ತರ: ಗಿಡದ ಹೆಸರು ಆಮೇಲೆ, ಮೊದಲು ನಿಮ್ಮ ಮನೆಯ ಬೆಳಕು ನೋಡಿ. ರಜೆ ದಿನ ಮಧ್ಯಾಹ್ನ ಲೈಟ್ ಆರಿಸಿ, ಗಿಡ ಇಡಬೇಕು ಅಂದುಕೊಂಡ ಜಾಗದಲ್ಲೇ ಕೂತು ಪೇಪರ್ ಓದಿ. ಕಣ್ಣು ಕಿರಿದು ಮಾಡದೆ ಓದಲು ಬಂದರೆ ಅಲ್ಲಿ ಸ್ನೇಕ್ ಪ್ಲಾಂಟ್, ಝೀಝೀ ಪ್ಲಾಂಟ್, ಮನಿ ಪ್ಲಾಂಟ್ ಮೂರೂ ಬದುಕುತ್ತವೆ. ಓದಲು ಆಗದಿದ್ದರೆ ಅಲ್ಲಿ ಯಾವ ಗಿಡವನ್ನೂ ಇಡಬೇಡಿ. ಕತ್ತಲೆಯಲ್ಲಿ ಬೆಳೆಯುವ ಗಿಡ ಅಂತ ಯಾರಾದರೂ ಮಾರಿದರೆ ನಂಬಬೇಡಿ, ಅಂಥದ್ದು ಇಲ್ಲ. ಕಡಿಮೆ ಬೆಳಕನ್ನು ತಡೆದುಕೊಳ್ಳುವ ಗಿಡಗಳಿವೆ, ಅಷ್ಟೇ.

ಈ ಮೂರನ್ನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಇವುಗಳ ಹುಟ್ಟೂರು ಹಾಗಿದೆ. ಝೀಝೀ ಪ್ಲಾಂಟ್ ಪೂರ್ವ ಆಫ್ರಿಕಾದ್ದು. ಅಲ್ಲಿ ತಿಂಗಳುಗಟ್ಟಲೆ ಮಳೆ ಇರುವುದಿಲ್ಲ, ಹಾಗಾಗಿ ಮಣ್ಣಿನೊಳಗೆ ಗೆಡ್ಡೆ ಕಟ್ಟಿ ನೀರು ಕೂಡಿಟ್ಟುಕೊಳ್ಳುತ್ತದೆ. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು, ಅದರ ನೀರೆಲ್ಲ ಆ ದಪ್ಪ ಎಲೆಯಲ್ಲೇ ಇರುತ್ತದೆ. ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದಿಂದ ಬಂದದ್ದು, ದೊಡ್ಡ ಮರಗಳ ನೆರಳಲ್ಲಿ ಹಬ್ಬಿ ಅಭ್ಯಾಸ. ದಸರಾ ರಜೆಗೆ ಹತ್ತು ದಿನ ಊರಿಗೆ ಹೋಗಿಬಂದರೂ ಮೂರಕ್ಕೂ ಏನೂ ಆಗುವುದಿಲ್ಲ.

ನಿಮ್ಮ ಗಿಡ ಕೊಳೆತಿವೆ ಅಂದಿರಲ್ಲ, ಅದಕ್ಕೆ ಕಾರಣ ನೀರು ಕಡಿಮೆಯಾದದ್ದಲ್ಲ, ಜಾಸ್ತಿಯಾದದ್ದು. ಬೇರಿಗೂ ಗಾಳಿ ಬೇಕು. ಮಣ್ಣು ಸದಾ ಒದ್ದೆ ಇದ್ದರೆ ಗಾಳಿ ಸಿಗದೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯುವುದಿಲ್ಲ, ಎಲೆ ಬಾಡುತ್ತದೆ, ಬಾಡಿದ್ದು ನೋಡಿ ನಾವು ಇನ್ನೊಂದು ಲೋಟ ಹಾಕುತ್ತೇವೆ, ಅಲ್ಲಿಗೆ ಮುಗಿಯಿತು. ದಿನ ಎಣಿಸಿ ನೀರು ಹಾಕಬೇಡಿ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ, ಅಲ್ಲೂ ಒಣಗಿದ್ದರೆ ಮಾತ್ರ ಮನಿ ಪ್ಲಾಂಟಿಗೆ ಹಾಕಿ. ಉಳಿದೆರಡಕ್ಕೆ ಪಾಟಿನ ಮಣ್ಣು ಪೂರ್ತಿ ಒಣಗಬೇಕು. ನಿಮ್ಮಂಥ ನೆರಳಿನ ಮನೆಯಲ್ಲಿ ಅದಕ್ಕೆ ಎರಡು ಮೂರು ವಾರವಾಗಬಹುದು, ಮಳೆಗಾಲದಲ್ಲಿ ತಿಂಗಳೇ ಆದರೂ ಗಾಬರಿ ಬೇಡ. ಹಾಕುವಾಗ ಮಾತ್ರ ಕೆಳಗಿನ ತೂತಿನಿಂದ ಇಳಿಯುವಷ್ಟು ಹಾಕಿ. ತೂತಿಲ್ಲದ ಚೆಂದದ ಪಿಂಗಾಣಿ ಪಾಟಿನಲ್ಲಿ ನೇರವಾಗಿ ನೆಡಬೇಡಿ.

ಅಂಟು ಮಣ್ಣಿನಲ್ಲಿ ನೆಟ್ಟಿದ್ದರೆ ಒಳಗೆ ಒಣಗುವುದೇ ಇಲ್ಲ. ಕೆಂಪು ಮಣ್ಣು ಒಂದು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ದಪ್ಪ ಮರಳು ಅರ್ಧ, ಎರೆಹುಳು ಗೊಬ್ಬರ ಅರ್ಧ, ಇಷ್ಟು ಕಲಸಿ ನೆಡಿ. ಗಿಡಕ್ಕೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹೋಗಿ, ಕಣ್ಣಾರೆ ನೋಡಿ ಆರಿಸಬಹುದು. ಆದರೆ ಮೊದಲಿಗೆ ಎರಡೇ ತನ್ನಿ. ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಖುಷಿಯಲ್ಲಿ ಡಜನ್ ಗಿಡ ಹೊತ್ತು ತರುತ್ತಾರೆ, ಅವಕ್ಕೆಲ್ಲ ಸಾಲುವಷ್ಟು ಬೆಳಕು ಮನೆಯಲ್ಲಿ ಇರುವುದಿಲ್ಲ. ಮನಿ ಪ್ಲಾಂಟಿನ ಹೊಸ ಎಲೆ ಚಿಕ್ಕದಾಗುತ್ತಾ ಬಳ್ಳಿ ಮಾತ್ರ ಉದ್ದವಾಗುತ್ತಿದ್ದರೆ ಬೆಳಕು ಸಾಲುತ್ತಿಲ್ಲ ಅಂತ ಅರ್ಥ, ಆಗ ಕಿಟಕಿಯ ಹತ್ತಿರಕ್ಕೆ ಸರಿಸಿ.

ಪ್ರಶ್ನೆ: ಸ್ನೇಕ್ ಪ್ಲಾಂಟ್ ರಾತ್ರಿಯೂ ಆಮ್ಲಜನಕ ಕೊಡುತ್ತದಂತೆ, ಮಲಗುವ ಕೋಣೆಯ ಗಾಳಿ ಶುದ್ಧ ಮಾಡುತ್ತದಂತೆ. ನಿಜವಾ? (ಮೈಸೂರು)

ಉತ್ತರ: ಅದು ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದು ನಿಜ. ನೀರು ಉಳಿಸಲು ಒಣ ಪ್ರದೇಶದ ಹಲವು ಗಿಡಗಳು ಹೀಗೆ ಮಾಡುತ್ತವೆ. ಆದರೆ ಆಮ್ಲಜನಕ ತಯಾರಾಗಲು ಬೆಳಕೇ ಬೇಕು. ಗಾಳಿ ಶುದ್ಧವಾಗುತ್ತದೆ ಅನ್ನುವ ಮಾತು ಹುಟ್ಟಿದ್ದು 1989ರ ನಾಸಾ ವರದಿಯಿಂದ. ಆ ಪರೀಕ್ಷೆ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ, ನಮ್ಮ ನಿಮ್ಮ ಮನೆಯಂಥ ಜಾಗದಲ್ಲಲ್ಲ. ಇಂಥ ಹಲವು ಪರೀಕ್ಷೆಗಳನ್ನು ಒಟ್ಟಿಗೆ ನೋಡಿದ 2019ರ ಒಂದು ವಿಮರ್ಶೆ ಹೇಳಿದ್ದು ಏನೆಂದರೆ, ಕಿಟಕಿ ಬಾಗಿಲಿನ ಗಾಳಿ ಮಾಡುವ ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗೆ ಲೆಕ್ಕ ಹಾಕಿ, ಕಡಿಮೆ ಅಂದರೂ 90ರ ಮೇಲೆ! ಹೊಸ ಪೇಂಟಿನ ವಾಸನೆಗೆ ಕಿಟಕಿ ತೆಗೆಯಿರಿ. ಗಿಡವನ್ನು ಹಸಿರು ನೋಡುವ ಸಂತೋಷಕ್ಕೆ ಇಟ್ಟುಕೊಳ್ಳಿ, ಅದೇನು ಸಣ್ಣದಲ್ಲ.

ಪ್ರಶ್ನೆ: ಮಗು ಈಗ ಅಂಬೆಗಾಲಿಡುತ್ತಿದೆ. ಮನೆಯಲ್ಲಿ ಬೆಕ್ಕೂ ಇದೆ. ಯಾವ ಗಿಡ ಇಟ್ಟರೆ ಭಯವಿಲ್ಲ? (ಪುತ್ತೂರು)

ಉತ್ತರ: ಮೇಲೆ ಹೇಳಿದ ಮೂರನ್ನೂ ನಿಮಗೆ ಬೇಡ ಅನ್ನುತ್ತೇನೆ. ಪತ್ರೊಡೆ ಮಾಡುವ ನಿಮ್ಮ ಕಡೆಯವರಿಗೆ ಕೆಸುವಿನ ಎಲೆಯ ತುರಿಕೆ ಗೊತ್ತೇ ಇದೆ. ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ಕೆರೆಯುತ್ತದೆ. ಮನಿ ಪ್ಲಾಂಟ್, ಝೀಝೀ, ಸಿಂಗೋನಿಯಂ, ಪೀಸ್ ಲಿಲ್ಲಿ, ಡಿಫೆನ್‌ಬೇಕಿಯಾ ಎಲ್ಲವೂ ಕೆಸುವಿನ ಕುಟುಂಬದವೇ, ಎಲೆಯಲ್ಲಿ ಅದೇ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಮಗು ಜಗಿದರೆ ಬಾಯಿ ಉರಿದು ನಾಲಿಗೆ ಊದಿಕೊಳ್ಳಬಹುದು, ಬೆಕ್ಕಿಗೂ ಅಷ್ಟೇ. ಸ್ನೇಕ್ ಪ್ಲಾಂಟ್ ತಿಂದರೆ ಬೆಕ್ಕಿಗೆ ವಾಂತಿಯಾಗುತ್ತದೆ. ನೀವು ಸ್ಪೈಡರ್ ಪ್ಲಾಂಟ್ ತನ್ನಿ, ಇಲ್ಲವೇ ಪೆಪರೋಮಿಯಾ. ಜಾಗವಿದ್ದರೆ ಅರೆಕಾ ಪಾಮ್. ಇವು ಮೂರೂ ವಿಷವಲ್ಲ. ಹಾಗಂತ ಮಗು ಪಾಟಿನ ಮಣ್ಣು ಬಾಯಿಗೆ ಹಾಕಿಕೊಳ್ಳಬಾರದು, ಅಲ್ವಾ? ಎತ್ತರದಲ್ಲೇ ಇಡಿ. ಯಾವುದೋ ಎಲೆ ಜಗಿದು ಬಾಯಿ ಊದಿದ್ದು ಕಂಡರೆ ಬಾಯಿ ತೊಳೆಸಿ, ಮನೆಮದ್ದು ಮಾಡುತ್ತಾ ಕೂರದೆ ಆ ಎಲೆಯನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ನನ್ನ ಸ್ಪೈಡರ್ ಪ್ಲಾಂಟಿನ ಎಲೆ ತುದಿ ಕಂದಾಗಿ ಒಣಗುತ್ತಿದೆ. ವಾಟರ್ ಫಿಲ್ಟರಿನಿಂದ ಹೊರಬರುವ ವೇಸ್ಟ್ ನೀರು ಹಾಕುತ್ತೇನೆ, ಆಗಾಗ ಅಕ್ಕಿ ತೊಳೆದ ನೀರೂ. (ಕಲಬುರಗಿ)

ಉತ್ತರ: ಆರ್‌ಒ ಯಂತ್ರ ನಿಮ್ಮ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ವೇಸ್ಟ್ ನೀರಿನಲ್ಲೇ ಇದೆ. ಬೋರ್‌ವೆಲ್ ನೀರಿಗಿಂತಲೂ ಅದು ಗಡಸು. ಪಾಟಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ, ಅದೇ ಆ ಉಪ್ಪು. ಸ್ಪೈಡರ್ ಪ್ಲಾಂಟಿಗೆ ಉಪ್ಪು ತಡೆಯುವುದಿಲ್ಲ, ಮೊದಲು ಎಲೆ ತುದಿ ಸುಡುತ್ತದೆ. ಆ ನೀರು ನೆಲ ಒರೆಸಲಿಕ್ಕೆ, ಬಾತ್‌ರೂಮಿಗೆ ಇರಲಿ. ನೀರು ಉಳಿಸುವ ನಿಮ್ಮ ಆಸೆ ಒಳ್ಳೆಯದೇ, ಅದಕ್ಕೆ ಮಳೆ ಬಂದಾಗ ಒಂದೆರಡು ಕ್ಯಾನ್ ಹಿಡಿದು ಮುಚ್ಚಳ ಹಾಕಿಡಿ, ಗಿಡಕ್ಕೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಈಗ ಪಾಟನ್ನು ಬಚ್ಚಲಿಗೆ ಒಯ್ದು ಸಿಹಿ ನೀರನ್ನು ನಿಧಾನವಾಗಿ ಎರಡು ಮೂರು ಸಲ ಪೂರ್ತಿ ಇಳಿಯಲು ಬಿಡಿ, ಉಪ್ಪು ತೊಳೆದು ಹೋಗುತ್ತದೆ. ಕಂದಾದ ತುದಿ ಮತ್ತೆ ಹಸಿರಾಗುವುದಿಲ್ಲ, ಹೊಸ ಎಲೆ ಚೆನ್ನಾಗಿ ಬರುತ್ತದೆ. ಅಕ್ಕಿ ತೊಳೆದ ನೀರು ಹೊರಗಿನ ಕರಿಬೇವಿಗೆ ಸರಿ. ಒಳಗಿನ ಪಾಟಿಗೆ ಹಾಕಿದರೆ ಹುಳಿತು ವಾಸನೆ, ಆಮೇಲೆ ಮಣ್ಣಿನ ಮೇಲೆ ಹಾರಾಡುವ ಸಣ್ಣ ನೊಣ. ಸಕ್ಕರೆ ಹಾಕಿ ಕುದಿಸಿದ ಟೀ ಚರಟವೂ ಬೇಡ, ಇರುವೆ ಬರುತ್ತದೆ.

ಪ್ರಶ್ನೆ: ಮನೆಯೊಳಗೆ ತುಳಸಿ ಬೆಳೆಯಬಹುದಾ? (ತುಮಕೂರು)

ಉತ್ತರ: ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳುವ ಕಿಟಕಿ ಇದ್ದರೆ ಮಾತ್ರ. ಅಷ್ಟು ಬಿಸಿಲು ಇಲ್ಲದಿದ್ದರೆ ತುಳಸಿಯ ಬದಲು ಪೂರ್ವದ ಕಿಟಕಿಗೆ ದೊಡ್ಡಪತ್ರೆ ಹಾಕಿ, ಒಂದು ಕಡ್ಡಿ ನೆಟ್ಟರೆ ಸಾಕು, ತಂಬುಳಿಗೂ ಆಯಿತು.

ಪ್ರಶ್ನೆ: ಬಾಟಲಿ ನೀರಲ್ಲಿ ಮನಿ ಪ್ಲಾಂಟ್ ಇಟ್ಟಿದ್ದೇನೆ. ಡೆಂಗ್ಯೂ ಸೊಳ್ಳೆ ಬರುತ್ತದೆ ಅಂತ ಅತ್ತೆ ಬಿಸಾಡಲು ಹೇಳುತ್ತಿದ್ದಾರೆ. (ಶಿವಮೊಗ್ಗ)

ಉತ್ತರ: ನಿಮ್ಮ ಅತ್ತೆಯವರ ಭಯ ಸರಿಯಾದದ್ದೇ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಡಿಮೆ ಎಂಟು ಹತ್ತು ದಿನ ಸಾಕು. ಗಿಡ ಬಿಸಾಡಬೇಕಿಲ್ಲ. ವಾರಕ್ಕೊಮ್ಮೆ ನೀರು ಬದಲಿಸಿ, ಬಾಟಲಿಯ ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಿ. ಮೊಟ್ಟೆ ನೀರಿನ ಮಟ್ಟದ ಪಕ್ಕದಲ್ಲೇ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಸುಮ್ನೆ ನೀರು ಚೆಲ್ಲಿದರೆ ಹೋಗುವುದಿಲ್ಲ. ಬಾಟಲಿಯ ಬಾಯಿಗೆ ಕಾಂಡದ ಸುತ್ತ ಹತ್ತಿ ತುರುಕಿ ಮುಚ್ಚಿ. ಪಾಟ್‌ಗಳ ಕೆಳಗೆ ಇಡುವ ತಟ್ಟೆಯನ್ನೂ ವಾರಕ್ಕೊಮ್ಮೆ ಹೀಗೇ ಉಜ್ಜಿ ತೊಳೆಯಿರಿ.