ಚಾರಣ ಇಷ್ಟವೆಂದು ಹೊರಾಂಗಣ ಮತ್ತು ಪರಿಸರ ಶಿಕ್ಷಣದಲ್ಲಿ ಪದವಿ ಓದಬಹುದೇ?

ಬಿ.ಎಸ್ಸಿ. ಮುಗಿದಿದೆ, ಚಾರಣವೆಂದರೆ ಪ್ರಾಣ, ಆಸ್ಟ್ರೇಲಿಯಾಕ್ಕೆ ಹೋಗಿ ಹೊರಾಂಗಣ ಮತ್ತು ಪರಿಸರ ಶಿಕ್ಷಣ ಓದಲೇ, ಅಲ್ಲಿ ಏನು ಕಲಿಸುತ್ತಾರೆ, ಮರಳಿ ಬಂದರೆ ಕೆಲಸ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಈಜು ಬಾರದು ಎಂಬುದನ್ನೂ ಕೊನೆಯಲ್ಲಿ ಮೆಲ್ಲಗೆ ಸೇರಿಸಿದ್ದೀರಿ. ನಾನು ವಿಕ್ಟೋರಿಯಾ ರಾಜ್ಯದ ಬೆಂಡಿಗೋದಲ್ಲಿ, ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಇದನ್ನು ಓದಿದವನು. ಗೊತ್ತಿರುವಷ್ಟು ಹೇಳುತ್ತೇನೆ.

ಚಾರಣ ಇಷ್ಟ ಎಂಬುದೊಂದೇ ಕಾರಣವಾದರೆ ಬೇಡ. ಚಾರಣಕ್ಕೆ ಪದವಿ ಬೇಕಿಲ್ಲ, ಕುಮಾರಪರ್ವತ ಅಲ್ಲೇ ಇದೆ. ಇದು ಮೇಷ್ಟರಾಗುವ ಓದು. ಶೂ ಕಚ್ಚಿ ಹಿಮ್ಮಡಿ ಸುಲಿದುಕೊಂಡು, ಮನೆಗೆ ಹೋಗಬೇಕೆಂದು ಮುಖ ಊದಿಸಿ ಕುಳಿತ ಹದಿನೈದು ವರ್ಷದ ಹುಡುಗಿಗೆ, ತಾನು ನಿಂತ ಜಾಗ ಹೀಗೇಕಿದೆ ಎಂಬ ಕುತೂಹಲ ಹುಟ್ಟಿಸುವುದು ನಿಮ್ಮ ಕೆಲಸ. ನೀವು ಶಿಖರ ಮುಟ್ಟಿದಿರೋ ಇಲ್ಲವೋ ಯಾರೂ ಕೇಳುವುದಿಲ್ಲ.

ಏನು ಕಲಿಸುತ್ತಾರೆ ಎಂಬುದಕ್ಕೆ ಮರ್ರೆ ನದಿಯ ದಡದ ಬಾರ್ಮಾ ಕಾಡನ್ನೇ ಹೇಳುತ್ತೇನೆ. ಅದು ರೆಡ್ ಗಮ್ ಮರಗಳ ಕಾಡು. ನಮ್ಮ ನೀಲಗಿರಿಯ ಕುಲದವೇ. ನೀಲಗಿರಿ ತೋಪುಗಳು ಅಂತರ್ಜಲ ಹೀರುತ್ತವೆಂಬ ದೂರನ್ನು ಕೋಲಾರದ ಕಡೆ ಕೇಳುತ್ತ ಬೆಳೆದವನು ನಾನು. 2017ರಲ್ಲಿ ನಮ್ಮ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಅಲ್ಲಿ ನೋಡಿದರೆ ಅದೇ ಕುಲದ ಮರಗಳು ಹೊತ್ತಿಗೆ ಸರಿಯಾಗಿ ನೆರೆ ಬಾರದೆ ಸೊರಗುತ್ತಿವೆ. ನಾವು ಹೋದದ್ದು ಅಲ್ಲಿ ಬೇಸಿಗೆ ಮುಗಿಯುವ ಮಾರ್ಚ್‌ನಲ್ಲಿ. ವಾರಗಳಿಂದ ಮಳೆಯ ಸುಳಿವಿಲ್ಲ, ನದಿ ಮಾತ್ರ ತುಂಬಿ ಹರಿಯುತ್ತಿದೆ. ದೋಣಿಯಿಂದ ಇಳಿಸಿ ಮೇಷ್ಟರು ಕೇಳಿದ್ದು ಒಂದೇ ಪ್ರಶ್ನೆ: ಈ ನೀರು ಎಲ್ಲಿಂದ ಬಂತು?

ಉತ್ತರ ಇರುವುದು ನದಿಯ ಮೇಲ್ಭಾಗದಲ್ಲಿ, 1936ರಲ್ಲಿ ಕಟ್ಟಿ ಮುಗಿಸಿದ ಹ್ಯೂಮ್ ಅಣೆಕಟ್ಟಿನಲ್ಲಿ. ಮೊದಲು ಚಳಿಗಾಲದ ಮಳೆಯೂ ವಸಂತದಲ್ಲಿ ಕರಗಿದ ಹಿಮವೂ ಸೇರಿ ಕಾಡನ್ನು ಮುಳುಗಿಸುತ್ತಿದ್ದವು, ಬೇಸಿಗೆಗೆ ನೀರು ಇಳಿಯುತ್ತಿತ್ತು. ಈಗ ಚಳಿಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ನಾಲೆಗಳಿಗೆಂದು ಬಿಡುತ್ತಾರೆ. ನದಿಯ ಋತುಚಕ್ರವೇ ತಲೆಕೆಳಗಾಗಿದೆ. ಮರದ ಬೊಡ್ಡೆಯ ಮೇಲೆ ಹಳೆಯ ನೆರೆ ಬಿಟ್ಟುಹೋದ ಕಂದು ಗೆರೆ ನನ್ನ ಎದೆಯ ಮಟ್ಟಕ್ಕಿತ್ತು. ಅದೇ ಕಾಡಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಯೋರ್ಟಾ ಯೋರ್ಟಾ ಜನರು ದೋಣಿಗೆಂದು ಉದ್ದಕ್ಕೆ ತೊಗಟೆ ಬಿಡಿಸಿಕೊಂಡ ಗುರುತಿರುವ ಮರಗಳೂ ಇವೆ. ಆ ನೆಲದ ಮೇಲಿನ ಅವರ ಹಕ್ಕಿನ ದಾವೆಯನ್ನು ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯ 2002ರಲ್ಲಿ ತಳ್ಳಿಹಾಕಿತು. 2010ರಲ್ಲಿ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಇಷ್ಟನ್ನೂ ಒಂದು ಮರದ ಬುಡದಲ್ಲಿ ನಿಂತು, ಭಾಷಣವಾಗದಂತೆ, ಮಕ್ಕಳೇ ಕೇಳಿ ತಿಳಿದುಕೊಳ್ಳುವಂತೆ ಮಾಡಬಲ್ಲಿರಾ ಎಂಬುದೇ ಪರೀಕ್ಷೆ. (ಬುಡದಲ್ಲಿ ನಿಲ್ಲುವುದೂ ಸ್ವಲ್ಪ ಹೊತ್ತು ಮಾತ್ರ. ಗಾಳಿಯಿಲ್ಲದ ದಿನವೂ ರೆಡ್ ಗಮ್ ದೊಡ್ಡ ಕೊಂಬೆಗಳನ್ನು ಕೆಡವುತ್ತದೆ, ಅದರ ಕೆಳಗೆ ಟೆಂಟ್ ಹಾಕುವಂತಿಲ್ಲ.)

ಉಳಿದದ್ದು ಕೈಗೆಲಸ: ನಕ್ಷೆ ಓದುವುದು, ಕಾಡಿನಲ್ಲಿ ಪ್ರಥಮ ಚಿಕಿತ್ಸೆ, ದೋಣಿ, ಹಗ್ಗ, ಹಿಮದ ಮೇಲಿನ ನಡಿಗೆ, ಅಪಾಯಗಳ ಪಟ್ಟಿ ಬರೆಯುವುದು. ಹೊರಡುವ ಮೊದಲು ತುಂಬಬೇಕಾದ ಕಾಗದಪತ್ರಗಳನ್ನು ನೋಡಿಯೇ ಕೆಲವರಿಗೆ ಉತ್ಸಾಹ ಇಳಿಯುತ್ತದೆ. ಆದರೆ ಅವು ಸುಮ್ಮನೆ ಬಂದವಲ್ಲ. ಅಲ್ಲಿ ಎಲ್ಲರೂ ಬಳಸುವ ಟ್ರಾಂಜಿಯಾ ಸ್ಟೌ ಸ್ಪಿರಿಟ್‌ನಿಂದ ಉರಿಯುತ್ತದೆ, ಬಿಸಿಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಎಂದುಕೊಂಡು ಮಗುವೊಂದು ಬಾಟಲಿ ಬಗ್ಗಿಸಿದರೆ ಬೆಂಕಿ ಬಾಟಲಿಗೇ ಏರುತ್ತದೆ. ಆದ್ದರಿಂದ ಬರ್ನರ್ ಮೇಲೆ ಮುಚ್ಚಳ ಹಾಕಿ, ತಣಿಯುವವರೆಗೆ ಕಾದು, ಆಮೇಲೆ ತುಂಬಬೇಕು. ಸ್ಪಿರಿಟ್ ಬಾಟಲಿ ಮೇಷ್ಟರ ಕೈಯಲ್ಲೇ ಇರಬೇಕು. ಹಸಿದ ಮಕ್ಕಳ ಗುಂಪನ್ನು ಅಷ್ಟು ಹೊತ್ತು ಕಾಯಿಸುವುದೂ ಕಲಿಯಬೇಕಾದ ವಿದ್ಯೆಯೇ.

ಇನ್ನು ಕೆಲಸ. ವಿಕ್ಟೋರಿಯಾದಲ್ಲಿ ಪಿಯುಸಿಗೆ ಸಮನಾದ ತರಗತಿಗಳಲ್ಲಿ ಹೊರಾಂಗಣ ಮತ್ತು ಪರಿಸರ ಅಧ್ಯಯನ ಎಂಬ ಪರೀಕ್ಷಾ ವಿಷಯವೇ ಇದೆ, ಹಾಗಾಗಿ ಅದಕ್ಕೆ ಮೇಷ್ಟರು ಬೇಕು. ಶಿಕ್ಷಕರಾಗಿ ನೋಂದಣಿಯೂ ಆಗಬೇಕು. ಮಕ್ಕಳನ್ನು ಬೆಟ್ಟದಲ್ಲಿಟ್ಟು ಕಲಿಸುವ ರೂಢಿ ಅಲ್ಲಿ ಹಳೆಯದು: ಜೀಲಾಂಗ್ ಗ್ರಾಮರ್ ಶಾಲೆಯ ಟಿಂಬರ್‌ಟಾಪ್ ಶಾಖೆ 1953ರದ್ದು, ಈಗಿನ ಇಂಗ್ಲೆಂಡಿನ ದೊರೆ ಚಾರ್ಲ್ಸ್ 1966ರಲ್ಲಿ ಅಲ್ಲಿ ಸೌದೆ ಒಡೆದವರೇ. ಶಿಬಿರ ನಡೆಸುವ ಕಂಪನಿಗಳಲ್ಲಿ ಕೆಲಸ ಬೇಗ ಸಿಗುತ್ತದೆ, ಆದರೆ ಅದು ಋತುಮಾನದ ಕೆಲಸ, ಮನೆ ಕಾಣದೆ ವಾರಗಟ್ಟಲೆ ಟೆಂಟಿನಲ್ಲಿ ಮಲಗಬೇಕು.

ನಮ್ಮಲ್ಲಿ ಕಥೆಯೇ ಬೇರೆ. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರವನ್ನು ಕಡ್ಡಾಯವಾಗಿ ಕಲಿಸಿ ಎಂದಿತು. ಪಠ್ಯಪುಸ್ತಕ ಬಂತು, ಪ್ರಶ್ನೆಪತ್ರಿಕೆ ಬಂತು, ಮಕ್ಕಳು ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಹೊರಾಂಗಣ ಶಿಕ್ಷಕ ಎಂಬ ಹುದ್ದೆ ಸರ್ಕಾರಿ ಶಾಲೆಗಳಲ್ಲಿಲ್ಲ. ವಸತಿ ಶಾಲೆಗಳು, ಖಾಸಗಿ ಶಿಬಿರಗಳು, ಜಂಗಲ್ ಲಾಡ್ಜಸ್‌ನಂಥ ಕಡೆಯ ಪ್ರಕೃತಿ ಮಾರ್ಗದರ್ಶಕರ ಕೆಲಸ, ಇಷ್ಟೇ ದಾರಿ. ವಿದೇಶಿ ವಿದ್ಯಾರ್ಥಿಯ ಶುಲ್ಕವನ್ನು ಸಾಲ ಮಾಡಿ ಕಟ್ಟಿ, ಈ ಸಂಬಳದಲ್ಲಿ ತೀರಿಸುತ್ತೇನೆ ಎಂದುಕೊಂಡರೆ ಲೆಕ್ಕ ಕೂಡುವುದಿಲ್ಲ. ಮರಳುವ ಮನಸ್ಸು ಗಟ್ಟಿಯಾಗಿದ್ದರೆ ಇಲ್ಲೇ ಬಿ.ಎಡ್. ಮಾಡಿ, ಜೊತೆಗೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ಪಡೆಯುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅರ್ಜಿ ಹಾಕುವ ಮೊದಲು ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನಕ್ಕೆ ಹೊರಟ ಯಾವುದಾದರೂ ಶಾಲೆಯ ಜೊತೆ ಸಹಾಯಕರಾಗಿ ಹೋಗಿ ಬನ್ನಿ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಮಗುವನ್ನು ನೋಡಿಕೊಂಡ ಮೇಲೂ ಉತ್ಸಾಹ ಉಳಿದಿದ್ದರೆ ಮುಂದಿನ ಮಾತು. ಮತ್ತೆ ಈಜು: ಕಲಿಯಲೇಬೇಕು, ಅದೂ ಹೊರಡುವ ಮೊದಲೇ. ದೋಣಿ ಮಗುಚಿದಾಗ ನಿಮ್ಮ ಜೀವದ ಜೊತೆಗೆ ಮಕ್ಕಳದ್ದನ್ನೂ ನೋಡಿಕೊಳ್ಳಬೇಕಾಗುತ್ತದೆ. ಕೊಳದಲ್ಲಿ ಕಲಿತು, ಆಮೇಲೆ ಬಲ್ಲವರ ಜೊತೆ ಹರಿಯುವ ನೀರಿನಲ್ಲಿ ಅಭ್ಯಾಸ ಮಾಡಿ. ಎರಡೂ ಒಂದೇ ಅಲ್ಲ.