ಆಯಿಲ್ ಕುಡಿಯುವ ಡೀಸೆಲ್ ಕಾರು: ಇಂಜಿನ್ ಕೆಲಸ ಮಾಡಿಸಬೇಕೇ, ಇಂಜಿನ್ನೇ ಬದಲಿಸಬೇಕೇ?

ಪ್ರಶ್ನೆ: ನನ್ನದು 2012ರ ಸ್ವಿಫ್ಟ್ ಡಿಸೈರ್ ಡೀಸೆಲ್. 2 ಲಕ್ಷ 60 ಸಾವಿರ ಕಿ.ಮೀ. ಓಡಿದೆ. ಈಗ 1,500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಸುರಿಯಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಒಬ್ಬ ಮೆಕ್ಯಾನಿಕ್ "ಬ್ಯಾಕ್ ಕಂಪ್ರೆಷನ್ ಬಂದಿದೆ, ಫುಲ್ ಇಂಜಿನ್ ಕೆಲಸ, 90 ಸಾವಿರ" ಎನ್ನುತ್ತಾರೆ. ಇನ್ನೊಬ್ಬರು 60 ಸಾವಿರಕ್ಕೆ ಗುಜರಿ ಇಂಜಿನ್ ತರಿಸಿ ಕೂರಿಸಿಕೊಡುತ್ತಾರಂತೆ. ಮೂರನೆಯವರ ಪ್ರಕಾರ ಬರೀ ರಿಂಗು, ಬೇರಿಂಗು ಹಾಕಿದರೆ 35 ಸಾವಿರದಲ್ಲಿ ಮುಗಿಯುತ್ತದೆ. ಯಾರ ಮಾತು ಕೇಳಲಿ? (ಓದುಗರು, ಶಿವಮೊಗ್ಗ)

ಉತ್ತರ: ಸದ್ಯಕ್ಕೆ ಮೂವರಲ್ಲಿ ಯಾರದ್ದೂ ಬೇಡ. ಮೂವರೂ ಇಂಜಿನ್ ಬಿಚ್ಚುವ ಮೊದಲೇ ಬೆಲೆ ಕಟ್ಟಿದ್ದಾರೆ. ಆಯಿಲ್ ಹೋಗುತ್ತಿರುವುದು ಎಲ್ಲಿಂದ ಎಂದು ಯಾರೂ ನೋಡಿದಂತಿಲ್ಲ.

ನಿಮ್ಮ ಕಾರಿನಲ್ಲಿರುವುದು ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್. ಮಾರುತಿ ಅದನ್ನೇ ಡಿಡಿಐಎಸ್ ಎಂದು ಕರೆದಿತ್ತು. ಟಾಟಾ ವಿಸ್ಟಾ, ಮಾಂಜಾ, ಫಿಯೆಟ್ ಪುಂಟೊಗಳಲ್ಲೂ ಇದ್ದದ್ದು ಅದೇ ಮನೆತನದ ಇಂಜಿನ್. ಗಟ್ಟಿ ಇಂಜಿನ್, ಆದರೆ ಸಂಪ್ (ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ) ಚಿಕ್ಕದು, ಹಿಡಿಯುವುದು ಮೂರು ಲೀಟರ್ ಚಿಲ್ಲರೆ ಆಯಿಲ್. ಒಂದು ಲೀಟರ್ ಕಡಿಮೆಯಾದರೆ ಮೂರನೇ ಒಂದು ಪಾಲೇ ಹೋದಂತೆ. ತಿರುವಿನಲ್ಲಿ, ಏರಿನಲ್ಲಿ ಪಂಪ್ ಗಾಳಿ ಎಳೆಯಲು ಶುರುಮಾಡಿದರೆ ಮೊದಲು ಏಟು ಬೀಳುವುದು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಬೇರಿಂಗ್‌ಗೆ ಮತ್ತು ಟೈಮಿಂಗ್ ಚೈನಿನ ಟೆನ್ಷನರ್‌ಗೆ. ತೀರ್ಮಾನ ಆಗುವವರೆಗೆ 300 ಕಿ.ಮೀ.ಗೊಮ್ಮೆ ಡಿಪ್‌ಸ್ಟಿಕ್ ನೋಡಿ.

ಮೊದಲು ಟರ್ಬೊ, ಅಂದರೆ ಇಂಜಿನಿಗೆ ಗಾಳಿ ಒತ್ತಿ ತುಂಬುವ ಸಾಧನ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಬಿಚ್ಚಿಸಿ. ಒಳಗೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಸಹಜ. ಬಗ್ಗಿಸಿದಾಗ ಆಯಿಲ್ ಸುರಿದರೆ ಅಲ್ಲ. ಟರ್ಬೊ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲುಗಿಸಿ: ಅಡ್ಡಕ್ಕೆ ಚೂರು ಆಟವಿರಬಹುದು, ಹಿಂದೆ ಮುಂದೆ ಆಟ ಕೈಗೆ ಸಿಗಬಾರದು, ರೆಕ್ಕೆ ಹೊರಕವಚಕ್ಕೆ ಉಜ್ಜಿರಬಾರದು. ಉಜ್ಜಿದ್ದರೆ ನಿಮ್ಮ ಆಯಿಲ್ ಹೋಗುತ್ತಿರುವುದು ಬಹುಶಃ ಅಲ್ಲಿಂದಲೇ, ಟರ್ಬೊದ ಒಳಗಿನ ಕೋರ್ ಬದಲಿಸಿದರೆ ಇಂಜಿನ್ ಬಿಚ್ಚುವ ಪ್ರಮೇಯವೇ ಬಾರದಿರಬಹುದು. ಟರ್ಬೊದಿಂದ ಸಂಪ್‌ಗೆ ಇಳಿಯುವ ಆಯಿಲ್ ಪೈಪ್ ಕಟ್ಟಿಕೊಂಡಿದ್ದರೂ ಒಳ್ಳೆಯ ಟರ್ಬೊ ಆಯಿಲ್ ಕಕ್ಕುತ್ತದೆ. ಇದನ್ನು ಉದಾಸೀನ ಮಾಡಬೇಡಿ. ಕೆಟ್ಟ ಟರ್ಬೊ ಸುರಿಸುವ ಆಯಿಲನ್ನೇ ಇಂಜಿನ್ ಇಂಧನ ಮಾಡಿಕೊಂಡು ತಾನಾಗಿ ರೇಸ್ ಆಗುತ್ತಾ ಹೋಗಬಹುದು, ಆಗ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಹಾಗಾದರೆ ಟಾಪ್ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಇಂಜಿನ್ ಆಫ್ ಮಾಡಬೇಕು.

ಎರಡನೆಯದು, ಆ "ಬ್ಯಾಕ್ ಕಂಪ್ರೆಷನ್", ಅಂದರೆ ಸಿಲಿಂಡರಿನ ಒತ್ತಡ ಪಿಸ್ಟನ್ ಸುತ್ತಲಿನ ಬಳೆಗಳಾದ ರಿಂಗ್ ದಾಟಿ ಕೆಳಗೆ ಸೋರುವುದು. ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿತು ಎಂದು ರಿಂಗ್ ಸವೆದಿದೆ ಎನ್ನಲಾಗದು. ಟ್ಯಾಪೆಟ್ ಕವರಿನ ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ) ಕಟ್ಟಿಕೊಂಡರೂ, ಟರ್ಬೊ ಸೀಲ್ ಹೋದರೂ, ಬ್ರೇಕಿಗೆ ನಿರ್ವಾತ ಕೊಡುವ ವ್ಯಾಕ್ಯೂಮ್ ಪಂಪ್ ಸವೆದರೂ ಅದೇ ಬುಸುಗುಡುವಿಕೆ. ಹೊಗೆಯ ಹೊತ್ತೂ ನೋಡಿ. ರಾತ್ರಿ ನಿಂತ ಕಾರು ಬೆಳಿಗ್ಗೆ ಒಂದು ಬಾರಿ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲ್. ಬಿಸಿಯಾದ ಮೇಲೂ, ಏರಿನಲ್ಲೂ ಬಿಡದೆ ಬಂದರೆ ರಿಂಗ್ ಅಥವಾ ಟರ್ಬೊ. ಘಾಟಿ ಇಳಿದು ಆಕ್ಸಿಲರೇಟರ್ ಒತ್ತಿದಾಗ ಹೊಗೆ ಬಂತೇ ಎಂದು ನೋಡುವ ಪರೀಕ್ಷೆ ಪೆಟ್ರೋಲ್ ಕಾರಿನವರದು. ಅಲ್ಲಿ ಥ್ರಾಟಲ್ ಮುಚ್ಚಿ ನಿರ್ವಾತ ಆಯಿಲ್ ಎಳೆಯುತ್ತದೆ. ಹಳೆಯ ಡೀಸೆಲ್‌ನಲ್ಲಿ ಹಾಗೆ ಉಸಿರು ಕಟ್ಟುವ ಥ್ರಾಟಲ್ ಇಲ್ಲ, ಆಗುಂಬೆ ಇಳಿಸಿ ನೋಡಿ ಪ್ರಯೋಜನವಿಲ್ಲ.

ಇಷ್ಟಾದ ಮೇಲೆ ಕಂಪ್ರೆಷನ್ ಪರೀಕ್ಷೆ. ಇಂಜಿನ್ ಬಿಸಿ ಇರಬೇಕು, ಬ್ಯಾಟರಿ ಚೆನ್ನಾಗಿರಬೇಕು, ಇಂಜೆಕ್ಟರ್ ಕನೆಕ್ಟರ್ ಕಳಚಿರಬೇಕು. ಡೀಸೆಲ್‌ಗೆಂದೇ ಇರುವ ಗೇಜ್ ಬೇಕು, ಪೆಟ್ರೋಲ್ ಗೇಜ್ ಸಾಲದು. ಆರೋಗ್ಯವಾದ ಡೀಸೆಲ್ ಇಂಜಿನ್ ಸಾಮಾನ್ಯವಾಗಿ 25ರಿಂದ 30 ಬಾರ್ ತೋರಿಸುತ್ತದೆ. 20ಕ್ಕಿಂತ ಕೆಳಗಿಳಿದರೆ ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಒಟ್ಟು ಅಂಕಿಗಿಂತ ನಾಲ್ಕು ಸಿಲಿಂಡರಿನ ನಡುವಿನ ವ್ಯತ್ಯಾಸ ಮುಖ್ಯ: ಮೂರು 26 ತೋರಿಸಿ ಒಂದು 19 ಎಂದರೆ ದೋಷ ಆ ಒಂದರಲ್ಲಿದೆ. ಅದರ ಪಿಸ್ಟನ್ ಮೇಲೆ ನಿಲ್ಲಿಸಿ ಕಂಪ್ರೆಸರಿನ ಗಾಳಿ ಬಿಟ್ಟು ಕಿವಿಗೊಡಿ. ಆಯಿಲ್ ಮುಚ್ಚಳದಲ್ಲಿ ಸುಂಯ್ ಎಂದರೆ ರಿಂಗ್. ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್. ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಪದರ). ಹೆಡ್ಡಿನ ಕೆಲಸದಲ್ಲೇ ಮುಗಿಯುವುದಕ್ಕೆ ಕೆಳಗಿನ ಇಂಜಿನ್ ಬಿಚ್ಚಬೇಕಿಲ್ಲ. ಗೇಜ್ ಕೂರಿಸಲು ಹಳೆಯ ಗ್ಲೋ ಪ್ಲಗ್ (ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ಪ್ಲಗ್) ತೆಗೆಯುವಾಗ ಮಾತ್ರ ಜೋಪಾನ. ಹಿಂದಿನ ರಾತ್ರಿ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಇಂಜಿನ್ ಬಿಸಿ ಇರುವಾಗ ತಿರುಗಿಸಿ. ತಣ್ಣಗಿರುವಾಗ ಜೋರು ಮಾಡಿದರೆ ಹೆಡ್ಡಿನೊಳಗೇ ತುಂಡಾಗುತ್ತದೆ.

ರಿಂಗೇ ಸವೆದಿದೆ ಎಂದು ಖಚಿತವಾಯಿತೆನ್ನಿ. ಆಗ ಮೆಕ್ಯಾನಿಕ್ ಜೊತೆ ಮಾತು ಎರಡು ಹಂತದಲ್ಲಿರಲಿ: "ಇಳಿಸಿ, ಬಿಚ್ಚಿ, ಅಳೆಯುವುದಕ್ಕೆ ಇಷ್ಟು. ಅಳತೆ ನೋಡಿ ಮುಂದಿನದು." ಒಪ್ಪದವರ ಬಳಿ ಕಾರು ಬಿಡಬೇಡಿ.

ಅಳೆಯಬೇಕಾದ್ದು ಬೋರ್ (ಸಿಲಿಂಡರಿನ ಒಳಗಿನ ಅಗಲ) ಮತ್ತು ಕ್ರ್ಯಾಂಕ್. ಈ ಇಂಜಿನಿನ ಮೂಲ ಬೋರ್ 69.6 ಮಿ.ಮೀ. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಮಟ್ಟದಲ್ಲೂ ಉದ್ದ ಮತ್ತು ಅಡ್ಡ, ಸಿಲಿಂಡರಿಗೆ ಆರು ಅಳತೆ. ಸವೆತ ಅಥವಾ ಮೊಟ್ಟೆಯಾಕಾರ 0.10 ಮಿ.ಮೀ. ಹತ್ತಿರ ಬಂದರೆ ಹಳೆಯ ಪಿಸ್ಟನ್ ಇಟ್ಟುಕೊಂಡು ರಿಂಗ್ ಹಾಕುವ ಮಾತೇ ಇಲ್ಲ. 35 ಸಾವಿರದ ಸಲಹೆ ಕೈಕೊಡುವುದು ಇಲ್ಲೇ. ದುಂಡಗಿನ ಹೊಸ ರಿಂಗ್ ಮೊಟ್ಟೆಯಾದ ಬೋರಿಗೆ ಕೂರದು. ಬೋರಿನ ಮೇಲ್ತುದಿಯಲ್ಲಿ ಸವೆಯದೆ ಉಳಿದ ಅಂಚಿಗೆ ಹೊಸ ಮೇಲಿನ ರಿಂಗ್ ಬಡಿದು ಮುರಿಯುತ್ತದೆ. ಪಿಸ್ಟನ್ನಿನ ರಿಂಗ್ ಕೊರಕಲೂ ಅಗಲವಾಗಿರುತ್ತದೆ. ಆರು ತಿಂಗಳಲ್ಲಿ ಅದೇ ಹೊಗೆ, ಕೂಲಿ ಮಾತ್ರ ಎರಡನೇ ಬಾರಿ.

ಕ್ರ್ಯಾಂಕಿನ ಜರ್ನಲ್ಲುಗಳಲ್ಲಿ (ಬೇರಿಂಗ್ ಕೂರುವ ಭಾಗಗಳಲ್ಲಿ) ಉಗುರಿಗೆ ಸಿಗುವ ಗೀರು ಇರಬಾರದು. ಮೈಕ್ರೋಮೀಟರಿನಲ್ಲಿ ವ್ಯತ್ಯಾಸ 0.02 ಮಿ.ಮೀ. ದಾಟಿದರೆ ಗ್ರೈಂಡಿಂಗ್. ಲೇತಿನವರ ಭಾಷೆಯಲ್ಲಿ ಟೆನ್ ಸೈಜ್, ಟ್ವೆಂಟಿ ಸೈಜ್, ಅಂದರೆ 0.25, 0.50 ಮಿ.ಮೀ. ಕಡಿತ. ಆ ಸೈಜಿನ ಬೇರಿಂಗ್ ಒಳ್ಳೆಯ ಕಂಪನಿಯದು ಕೈಗೆ ಬಂದ ಮೇಲೆಯೇ ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಕೊಡಿ. ಬೋರಿಂಗ್‌ಗೂ ಅಷ್ಟೇ. ಮೊದಲು ಓವರ್‌ಸೈಜ್ ಪಿಸ್ಟನ್ ಕೊಂಡು, ಆ ಪಿಸ್ಟನ್ ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕು. ಬೋರ್ ಮಾಡಿಸಿ ಪಿಸ್ಟನ್ ಹುಡುಕಲು ಹೊರಟರೆ ಅಂಗಡಿಯವನು ಕೊಟ್ಟದ್ದೇ ಗತಿ.

ನನ್ನ ಲೆಕ್ಕ ಇಷ್ಟು. ಬ್ಲಾಕಿನಲ್ಲಿ ಬಿರುಕಿಲ್ಲ, ಕ್ರ್ಯಾಂಕ್ ಅಳತೆಯೊಳಗಿದೆ ಅಥವಾ ಒಂದೇ ಸೈಜ್ ಇಳಿಸಿದರೆ ಸಾಕು ಎಂದಾದರೆ ನಿಮ್ಮದೇ ಇಂಜಿನ್ ಕಟ್ಟಿಸಿ. ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬಂದಿದ್ದರೆ, ಮೈನ್ ಬೇರಿಂಗ್ ತಿರುಗಿ ಬ್ಲಾಕಿನಲ್ಲಿ ತಾನು ಕೂರುವ ಜಾಗವನ್ನೇ ಕೊರೆದಿದ್ದರೆ, ಇಲ್ಲವೇ ಕ್ರ್ಯಾಂಕ್, ಹೆಡ್, ಟರ್ಬೊ ಮೂರೂ ಒಟ್ಟಿಗೆ ಬೇಕೆಂದಾದರೆ ಬೇರೆ ಇಂಜಿನ್ ಹುಡುಕಿ. ಕಾರಿನ ಈಗಿನ ಮಾರಾಟದ ಬೆಲೆಯ ಅರ್ಧಕ್ಕಿಂತ ಹೆಚ್ಚು ಖರ್ಚು ತಗುಲುವಂತಿದ್ದರೆ ಎರಡೂ ಬೇಡ. ಇಂಜಿನ್ನಿಗೆ ಹಾಕಿದ ದುಡ್ಡನ್ನು ಕೊಳ್ಳುವವನು ಕೊಡುವುದಿಲ್ಲ. ನಿಮ್ಮ ಕಾರಿಗೆ 2027ಕ್ಕೆ 15 ವರ್ಷ ತುಂಬುತ್ತದೆ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಿ ಐದು ವರ್ಷದ ಲೆಕ್ಕದಲ್ಲಿ ನೋಂದಣಿ ನವೀಕರಿಸಬೇಕು. ಬಾಡಿ ತುಕ್ಕು ಹಿಡಿದಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಟ್ಟಿಸುವುದಾದರೆ 90 ಸಾವಿರದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ: ನಾಲ್ಕು ಪಿಸ್ಟನ್ ಮತ್ತು ರಿಂಗ್ ಸೆಟ್, ಮೈನ್ ಮತ್ತು ಬಿಗ್‌ಎಂಡ್ ಬೇರಿಂಗ್, ಥ್ರಸ್ಟ್ ವಾಷರ್, ಫುಲ್ ಗ್ಯಾಸ್ಕೆಟ್ ಕಿಟ್, ಹೊಸ ಹೆಡ್ ಬೋಲ್ಟ್ (ಕೋನ ಅಳೆದು ಬಿಗಿಯುವವು ಒಮ್ಮೆ ಹಿಗ್ಗಿದ ಮೇಲೆ ಮತ್ತೆ ಬಳಕೆಗಿಲ್ಲ), ವಾಲ್ವ್ ಸೀಲ್, ವಾಟರ್ ಪಂಪ್, ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲ್. ಈ ಇಂಜಿನಿಗೆ ಮುಖ್ಯವಾಗಿ ಟೈಮಿಂಗ್ ಚೈನ್, ಗೈಡ್, ಟೆನ್ಷನರ್ ಪೂರ್ತಿ ಕಿಟ್. ಹೆಡ್ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಮೇಲೇಳುತ್ತದೆ ಎಂದು ಡಯಲ್ ಗೇಜಿನಿಂದ ಅಳೆದೇ ಆರಿಸಬೇಕು. ಬೇರಿಂಗ್ ಕೊರೆದ ಇಂಜಿನ್ ಆದರೆ ಆಯಿಲ್ ಕೂಲರ್ ಹೊಸದು ಹಾಕಿ. ಅದರೊಳಗೆ ಸಿಕ್ಕಿಕೊಂಡ ಲೋಹದ ಪುಡಿ ಎಷ್ಟು ತೊಳೆದರೂ ಹೋಗದು, ಹೊಸ ಬೇರಿಂಗ್ ಕೆಲವೇ ಸಾವಿರ ಕಿ.ಮೀ.ಯಲ್ಲಿ ಹೋಗುವುದಕ್ಕೆ ಅದೊಂದು ಕಾರಣ. ಇನ್ನೊಂದು ಕಾರಣ, ಹೋನಿಂಗ್ (ಸಾಣೆಕಲ್ಲಿನಿಂದ ಒಳಗೋಡೆ ಉಜ್ಜುವುದು) ಆದ ಬೋರನ್ನು ಡೀಸೆಲ್‌ನಲ್ಲಿ ಒರೆಸಿ ಜೋಡಿಸುವುದು. ಬಿಸಿನೀರು, ಸೋಪು, ಬ್ರಷ್ ಹಾಕಿ ಉಜ್ಜಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬೂದಾಗದೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆದು, ಒಣಗಿಸಿ, ಕೂಡಲೇ ಆಯಿಲ್ ಸವರಬೇಕು.

ಮೊದಲ ಸ್ಟಾರ್ಟಿಗೆ ಮುಂಚೆ ಇಂಜೆಕ್ಟರ್ ಕನೆಕ್ಟರ್ ಕಳಚಿ, ಆಯಿಲ್ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯಿರಿ. ಆಮೇಲೆ ಗಂಟೆಗಟ್ಟಲೆ ಐಡಲಿನಲ್ಲಿ ಬಿಡುವ ಹಳೇ ಪದ್ಧತಿ ಬೇಡ. ಹೊರೆಯಿಲ್ಲದೆ ರಿಂಗ್ ಕೂರುವುದಿಲ್ಲ, ಬೋರ್ ಗಾಜಿನಂತೆ ನುಣುಪಾಗುತ್ತದೆ. ಮೊದಲ 1,000 ಕಿ.ಮೀ. 3,000 ಆರ್‌ಪಿಎಂ ದಾಟಿಸದೆ, ಒಂದೇ ವೇಗ ಹಿಡಿಯದೆ ಓಡಿಸಿ. 500 ಕಿ.ಮೀ. ಆದಾಗ ಒಂದು ಬಾರಿ ಆಯಿಲ್ ಮತ್ತು ಫಿಲ್ಟರ್ ಬದಲಿಸಿ.

ಗುಜರಿ ಇಂಜಿನ್ನೇ ಎಂದಾದರೆ ಕಂಪ್ರೆಷನ್ ನಿಮ್ಮ ಕಣ್ಣೆದುರೇ ನೋಡಿಸಿ. ಸಂಪಿನ ಆಯಿಲ್ ಹಾಲು ಬಣ್ಣವಾಗಿದ್ದರೆ, ಇನ್‌ಟೇಕಿನಲ್ಲಿ ಕೆಸರಿದ್ದರೆ ಅದು ನೆರೆಯಲ್ಲಿ ಮುಳುಗಿದ ಕಾರಿನದಿರಬಹುದು, ಬಿಡಿ. 75 ಮತ್ತು 90 ಪಿಎಸ್ (ಅಶ್ವಶಕ್ತಿ) ಎರಡೂ ಬಗೆ ಇವೆ, ಅವುಗಳ ಟರ್ಬೊ ಬೇರೆ ಬೇರೆ. ಟಾಟಾ ಕಾರಿನದನ್ನು "ಅದೇ ಇಂಜಿನ್ ಸಾರ್" ಎಂದು ಕೊಡಬಂದರೆ ಬ್ರಾಕೆಟ್, ಸಂಪ್, ಸೆನ್ಸರ್ ಸಾಕೆಟ್ ಪಕ್ಕದಲ್ಲಿಟ್ಟು ಹೋಲಿಸದೆ ದುಡ್ಡು ಕೊಡಬೇಡಿ. ನಿಮ್ಮ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್ ಹಾಗೇ ಇರಲಿ. ಬಂದ ಇಂಜಿನಿಗೆ ಹೊಸ ಚೈನ್ ಕಿಟ್ ಹಾಕದೆ ಕೂರಿಸಬೇಡಿ. ಅಲ್ಲಿಗೆ 60 ಸಾವಿರ 60 ಆಗಿ ಉಳಿಯುವುದಿಲ್ಲ.

ಪ್ರಶ್ನೆ: 2003ರ ಕ್ವಾಲಿಸ್. ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋಯಿತು. ಬದಲಿಸಿದ ಎರಡೇ ತಿಂಗಳಿಗೆ ಮತ್ತೆ ಹೋಗಿದೆ. ಇಂಜಿನ್ ತೆಗೆದುಹಾಕುವುದೇ? (ಓದುಗರು, ಹಾಸನ)

ಉತ್ತರ: ತೆಗೆಯಬೇಡಿ. 2446 ಸಿಸಿಯ ಈ ಇಂಜಿನಿನಲ್ಲಿ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ) ಇಲ್ಲ, ಮೆಕ್ಯಾನಿಕಲ್ ಪಂಪು. ಕಟ್ಟಿಸಲು ಇದಕ್ಕಿಂತ ಸುಲಭದ ಇಂಜಿನ್ ಸಿಗದು. ಗ್ಯಾಸ್ಕೆಟ್ ಮತ್ತೆ ಹೋದದ್ದು ಹೆಡ್ ಪರೀಕ್ಷಿಸದೆ ಕೂರಿಸಿದ್ದರಿಂದ ಇರಬೇಕು. ಸ್ಟ್ರೇಟ್ ಎಡ್ಜ್ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ಹೆಡ್ಡೂ ಬ್ಲಾಕಿನ ಮೇಲ್ಮೈಯೂ ಸೊಟ್ಟಗಾಗಿವೆಯೇ ನೋಡಿಸಿ. ಹೆಡ್ಡನ್ನು ನೀರಿನಲ್ಲಿ ಮುಳುಗಿಸಿ ಗಾಳಿ ತುಂಬಿ ಬಿರುಕು ಪರೀಕ್ಷೆ ಮಾಡಿಸಿ. ವಾಲ್ವುಗಳ ನಡುವೆ ಬಿರುಕಿದ್ದರೆ ವೆಲ್ಡಿಂಗ್ ಬೇಡ, ಬೇರೆ ಹೆಡ್ ಹಾಕಿ. ಮೊದಲ ಸಲ ಬಿಸಿಯಾದದ್ದು ಏಕೆ ಎಂಬುದಕ್ಕೂ ಉತ್ತರ ಸಿಗಬೇಕು: ಕಟ್ಟಿಕೊಂಡ ರೇಡಿಯೇಟರ್, ಸೋತ ಫ್ಯಾನ್ ಕ್ಲಚ್, ತೆಗೆದೆಸೆದ ಥರ್ಮೋಸ್ಟಾಟ್. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುತ್ತಿದ್ದರೆ ಇಂದೇ ನಿಲ್ಲಿಸಿ. ಹೆಡ್ ಬಿಚ್ಚಿದಾಗಲೇ ಟೈಮಿಂಗ್ ಬೆಲ್ಟ್ ಹೊಸದು ಹಾಕಿ.

ಪ್ರಶ್ನೆ: ಬೇರೆ ಇಂಜಿನ್ ಹಾಕಿಸಿದರೆ ಆರ್‌ಟಿಒಗೆ ತಿಳಿಸಲೇಬೇಕೇ? (ಓದುಗರು, ಹುಬ್ಬಳ್ಳಿ)

ಉತ್ತರ: ಬೇಕು. ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಾಗಬೇಕು, ಅದಕ್ಕೆ ಕೂರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು ಕ್ಷೇಮ. ಜಿಎಸ್‌ಟಿ ಬಿಲ್, ಇಂಜಿನ್ ಯಾವ ಗಾಡಿಯದೋ ಅದರ ದಾಖಲೆ ಇಲ್ಲದೆ ಕೊಳ್ಳಬೇಡಿ. ನಂಬರ್ ಉಜ್ಜಿದ, ಮತ್ತೆ ಹೊಡೆದ ಇಂಜಿನ್ ಎಷ್ಟೇ ಅಗ್ಗವಿರಲಿ, ಮುಟ್ಟಬೇಡಿ. ಆರ್‌ಸಿ ತಿದ್ದುಪಡಿಯಾದ ಮೇಲೆ ಅದರ ಪ್ರತಿಯನ್ನು ವಿಮಾ ಕಂಪನಿಗೆ ಕೊಟ್ಟು ಪಾಲಿಸಿಯಲ್ಲೂ ಹೊಸ ನಂಬರ್ ಬರೆಸಿ. ಅಪಘಾತವಾದಾಗ ಸರ್ವೇಯರ್ ಪಾಲಿಸಿಯಲ್ಲಿರುವ ಇಂಜಿನ್ ನಂಬರನ್ನು ಗಾಡಿಯ ನಂಬರಿನೊಂದಿಗೆ ತಾಳೆ ನೋಡುತ್ತಾರೆ. ಕಟ್ಟಿಸಿದ್ದು ನಿಮ್ಮದೇ ಬ್ಲಾಕ್ ಆದರೆ ನಂಬರ್ ಬದಲಾಗುವುದಿಲ್ಲ, ಈ ಯಾವ ಓಡಾಟವೂ ಇಲ್ಲ.