ಮಲಗುವ ಕ್ಯಾಬಿನ್‌ಗೆ ಕಿಟಕಿ ಬೇಕೇ? ಮೊದಲು ಚಾವಣಿ ನೋಡಿ

ಪ್ರಶ್ನೆ: ನಮ್ಮದು 27 ಅಡಿಯ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿ. ರಜೆ ಸಿಕ್ಕಾಗಲೆಲ್ಲ ನಾವಿಬ್ಬರೂ ಅದರಲ್ಲೇ ನಾಲ್ಕೈದು ದಿನ ಸುತ್ತಾಡಿ, ರಾತ್ರಿ ಲಂಗರು ಹಾಕಿ ಮಲಗುತ್ತೇವೆ. ಮುಂಭಾಗದ ಮಲಗುವ ಕ್ಯಾಬಿನ್ ಹಗಲಲ್ಲೂ ಕತ್ತಲೆ, ರಾತ್ರಿ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಬೆಳಗ್ಗೆ ಎದ್ದರೆ ಹಾಸಿಗೆ ಪಕ್ಕದ ಗೋಡೆಯೆಲ್ಲ ಒದ್ದೆ. ಎರಡೂ ಪಕ್ಕಕ್ಕೆ ಒಂದೊಂದು ತೆರೆಯುವ ಕಿಟಕಿ ಇಡೋಣ ಅಂತ ಇದ್ದೇನೆ. ಹೊಸ ದೋಣಿಗಳಲ್ಲಿ ಡೆಕ್ಕಿನ ಕೆಳಗೆ, ಒಡಲಿಗೇ ಉದ್ದುದ್ದ ಕಿಟಕಿ ಇರುತ್ತವಲ್ಲ, ಹಾಗೇ ಮಾಡಬಹುದಾ? ನಾನೇ ಕೊರೆಯಬಹುದಾ?

ಉತ್ತರ: ನೀವೇ ಕೊರೆಯಬಹುದು, ಆದರೆ ಒಡಲಿಗೆ ಬೇಡ. ಅದಕ್ಕಿಂತ ಮುಂಚೆ ಒಂದು ಮಾತು. ನೀವು ಹೇಳುತ್ತಿರುವುದು ಮೂರು ಬೇರೆ ಬೇರೆ ತೊಂದರೆ. ಬೆಳಕಿಲ್ಲ, ಗಾಳಿಯಿಲ್ಲ, ತೇವ ಇದೆ. ಪಕ್ಕದ ಕಿಟಕಿ ಇದರಲ್ಲಿ ಮೊದಲನೆಯದಕ್ಕೆ ಮಾತ್ರ ಒಳ್ಳೆಯ ಮದ್ದು.

ಯಾಕೆ ಅಂತ ನೋಡಿ. ಲಂಗರು ಹಾಕಿದ ದೋಣಿ ಸಾಮಾನ್ಯವಾಗಿ ಗಾಳಿ ಬರುವ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತದೆ. ಅಂದರೆ ಗಾಳಿ ನಿಮ್ಮ ಪಕ್ಕದ ಕಿಟಕಿಯ ಮುಂದೆ ಜಾರಿಕೊಂಡು ಹಿಂದಕ್ಕೆ ಹೋಗುತ್ತದೆಯೇ ಹೊರತು ಒಳಗೆ ಬರುವುದು ತೀರಾ ಕಡಿಮೆ. ಅದೇ ಹಾಸಿಗೆಯ ಮೇಲೆ, ಚಾವಣಿಗೆ ಒಂದು ಹ್ಯಾಚ್, ಅಂದರೆ ಮುಚ್ಚಳವಿರುವ ಕಿಂಡಿ, ಇದ್ದು, ಅದರ ಬಾಯಿ ಮುಂದಕ್ಕೆ ತೆರೆದುಕೊಂಡರೆ ಗಾಳಿ ನೇರ ಮುಖಕ್ಕೇ ಬೀಳುತ್ತದೆ. ಬೆಳಕೂ ಅಷ್ಟೇ, ಮೇಲಿಂದ ಬರುವುದು ಪಕ್ಕದಿಂದ ಬರುವುದಕ್ಕಿಂತ ಜಾಸ್ತಿ. ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ: ಅಡುಗೆ ಒಲೆಯೋ ಎಂಜಿನ್ನೋ ಹೊತ್ತಿಕೊಂಡರೆ ಮುಂದಿನ ಕ್ಯಾಬಿನ್‌ನಲ್ಲಿ ಮಲಗಿದವರು ಎಲ್ಲಿಂದ ಹೊರಗೆ ಬರಬೇಕು? ಸಣ್ಣ ದೋಣಿಗಳ ಬೆಂಕಿ ಸುರಕ್ಷತೆಯ ಐಎಸ್‌ಒ 9094 ಮಾನದಂಡದ ಪ್ರಕಾರ ತಪ್ಪಿಸಿಕೊಳ್ಳುವ ಹ್ಯಾಚ್ ದುಂಡಗಿದ್ದರೆ ಕನಿಷ್ಠ 450 ಮಿ.ಮೀ. ಅಗಲ ಇರಬೇಕು. ಬೇರೆ ಆಕಾರವಾದರೆ ಎಲ್ಲೂ 380 ಮಿ.ಮೀ.ಗಿಂತ ಕಿರಿದಾಗಬಾರದು, ಒಟ್ಟು ಜಾಗ 0.18 ಚದರ ಮೀಟರ್ ಇರಬೇಕು. ಪಕ್ಕದ ಕಿಟಕಿಯಲ್ಲಿ ತಲೆ ತೂರಿದರೆ ಹೆಚ್ಚು. ಹಾಗಾಗಿ ನಿಮ್ಮ ದೋಣಿಯಲ್ಲಿ ಮುಂದಿನ ಹ್ಯಾಚ್ ಇಲ್ಲದಿದ್ದರೆ, ಅಥವಾ ಇದ್ದೂ ಮಂಜಾಗಿ, ಅಂಟಿಕೊಂಡು ಕೂತಿದ್ದರೆ, ಮೊದಲ ಖರ್ಚು ಅಲ್ಲಿಗೆ.

ತೇವದ ಕಥೆ ಇನ್ನೊಂದು. ಇಬ್ಬರು ಮುಚ್ಚಿದ ಜಾಗದಲ್ಲಿ ರಾತ್ರಿಯಿಡೀ ಉಸಿರಾಡಿದರೆ ಆ ಹಬೆ ಎಲ್ಲಿ ತಣ್ಣಗಿದೆಯೋ ಅಲ್ಲಿ ನೀರಾಗುತ್ತದೆ. ಒಂದೇ ಪದರದ ಫೈಬರ್ ಗೋಡೆ ತಣ್ಣಗಿರುತ್ತದೆ, ಅದಕ್ಕೇ ಅಲ್ಲಿ ಒದ್ದೆ. ಹೊಸ ಕಿಟಕಿಯೂ ಬೆವರುತ್ತದೆ, ಅಲ್ಯೂಮಿನಿಯಂ ಫ್ರೇಮ್ ಆದರೆ ಇನ್ನೂ ಜಾಸ್ತಿ, ಆ ನೀರು ನೇರ ದಿಂಬಿನ ಮೇಲೇ. ಇದಕ್ಕೆ ಬೇಕಾದದ್ದು ಮಳೆಯಲ್ಲೂ ತೆರೆದಿರಬಹುದಾದ ಒಂದು ವೆಂಟ್, ಒಳಗೆ ಬಂದ ಗಾಳಿ ಹೊರಗೆ ಹೋಗಲು ಇನ್ನೊಂದು ದಾರಿ, ಗೋಡೆಗೆ ಒಂದಿಷ್ಟು ಇನ್ಸುಲೇಷನ್. ಹಾಸಿಗೆ ಕೆಳಗೂ ಗಾಳಿ ಆಡಬೇಕು.

ಇಷ್ಟೆಲ್ಲ ಆದಮೇಲೂ ಪಕ್ಕದ ಕಿಟಕಿ ಬೇಕು ಅನ್ನಿಸಿದರೆ ಇಡಿ. ಮಲಗಿದಲ್ಲೇ ಹೊರಗೆ ನೋಡುವ ಸುಖ ಹ್ಯಾಚ್‌ನಿಂದ ಸಿಗುವುದಿಲ್ಲ, ಒಪ್ಪುತ್ತೇನೆ.

ಆದರೆ ಡೆಕ್ಕಿನಿಂದ ಮೇಲಕ್ಕೆದ್ದ ಕ್ಯಾಬಿನ್ ಗೋಡೆಗೆ ಇಡಿ. ಹೊಸ ದೋಣಿಗಳ ಒಡಲಲ್ಲಿ ಕಿಟಕಿ ಇರುವುದು ನಿಜ, ಆದರೆ ಅಲ್ಲಿ ಅಚ್ಚು ಮಾಡುವಾಗಲೇ ಕಿಟಕಿಯ ಸುತ್ತ ಫೈಬರ್ ದಪ್ಪ ಮಾಡಿ, ಗಾಜು ಕೂರಲು ತಗ್ಗು ಬಿಟ್ಟು, ಲೆಕ್ಕ ಹಾಕಿ ಮಾಡಿರುತ್ತಾರೆ. ನಿಮ್ಮ ಹಳೆಯ ದೋಣಿಯ ಒಡಲಿಗೆ ಆ ಲೆಕ್ಕ ಇಲ್ಲ. ಹಾಯಿ ಏರಿಸಿ ದೋಣಿ ವಾಲಿದಾಗ ಆ ಜಾಗಕ್ಕೆ ಅಲೆ ಬಡಿಯುತ್ತಲೇ ಇರುತ್ತದೆ, ಕೆಲವೊಮ್ಮೆ ಪೂರ್ತಿ ನೀರಿನ ಕೆಳಗೇ ಹೋಗುತ್ತದೆ. ಅಲ್ಲಿ ತೆರೆಯುವ ಕಿಟಕಿ ಇಟ್ಟು ಒಂದು ದಿನ ಚಿಲಕ ಹಾಕಲು ಮರೆತರೆ ಸಾಕು. ಕಿಟಕಿಗಳ ಐಎಸ್‌ಒ 12216 ಮಾನದಂಡವೂ ಒಡಲನ್ನೂ ಕ್ಯಾಬಿನ್ ಗೋಡೆಯನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಅಲ್ಲೇ ಬೇಕು ಅಂತ ಹಟ ಇದ್ದರೆ ದೋಣಿ ವಿನ್ಯಾಸ ಮಾಡುವವರಿಂದ ನಕ್ಷೆ ಬರೆಸಿಕೊಳ್ಳಿ. ನಾನಂತೂ ಮಾಡುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಕಿಟಕಿ ಮೊದಲು ಕೊಳ್ಳಿ, ತೂತು ಆಮೇಲೆ. ತೆರೆಯುವ ಕಿಟಕಿಗೆ ಗೋಡೆಯೊಳಗೆ ತೂರುವ ಒಂದು ಕತ್ತು ಇರುತ್ತದೆ, ಅದರ ಉದ್ದ ನಿಮ್ಮ ಗೋಡೆಯ ದಪ್ಪಕ್ಕೆ ಹೊಂದಬೇಕು. ದಪ್ಪ ತಿಳಿಯಲು, ಹೇಗೂ ಕೊರೆದು ತೆಗೆಯುವ ಜಾಗದ ನಡುವೆ 3 ಮಿ.ಮೀ. ತೂತು ಹಾಕಿ ನೋಡಿ. ಅಲ್ಲಿಂದ ಬರುವ ಪುಡಿಯನ್ನೂ ನೋಡಿ. ಒಣಗಿದ, ತಿಳಿ ಬಣ್ಣದ ಪುಡಿ ಬಂದರೆ ಸರಿ. ಕಂದು ಬಣ್ಣದ ಒದ್ದೆ ಪುಡಿ ಬಂದರೆ ಫೈಬರ್ ಪದರಗಳ ನಡುವಿನ ಮರ ಆಗಲೇ ಕೊಳೆತಿದೆ, ಕಿಟಕಿ ಕೆಲಸ ಅಲ್ಲಿಗೆ ನಿಲ್ಲಿಸಿ, ಮೊದಲು ಗೋಡೆ ರಿಪೇರಿ. ಒಳಗಿನ ಲೈನಿಂಗ್ ಹಿಂದೆ ವೈರು ಇದೆಯಾ, ಅಡ್ಡಗೋಡೆ ಎಲ್ಲಿ ಸೇರುತ್ತದೆ, ಹಾಯಿಯ ಕಂಬವನ್ನು ಎಳೆದು ಹಿಡಿದ ತಂತಿಗಳ ಲೋಹದ ಪಟ್ಟಿ ಎಲ್ಲಿದೆ, ಇದೆಲ್ಲ ಗುರುತು ಹಾಕಿ ದೂರ ಇರಿ. ಒಂದು ಉದ್ದ ಕಿಟಕಿಗಿಂತ ನಡುವೆ ಗೋಡೆ ಬಿಟ್ಟ ಎರಡು ಸಣ್ಣವು ಗಟ್ಟಿ. ಗೋಡೆಗೆ ಒಂದು ನೇರ ಪಟ್ಟಿ ಒತ್ತಿ ಹಿಡಿದು ನೋಡುವುದನ್ನು ಮರೆಯಬೇಡಿ. ಕ್ಯಾಬಿನ್ ಗೋಡೆ ಬಹಳ ಸಲ ಸ್ವಲ್ಪ ಬಾಗಿರುತ್ತದೆ, ಫ್ರೇಮ್ ಚಪ್ಪಟೆ. ಬೋಲ್ಟ್ ಬಿಗಿದು ಫ್ರೇಮನ್ನೇ ಗೋಡೆಗೆ ಬಗ್ಗಿಸಿದರೆ ಇವತ್ತು ಕೂರುತ್ತದೆ, ಆಮೇಲೆ ಸೋರುತ್ತದೆ. ಆ ಸಂದನ್ನು ದಪ್ಪ ಎಪಾಕ್ಸಿಯಿಂದ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ ಸಮ ಮಾಡಿಕೊಂಡೇ ಕೂರಿಸಬೇಕು.

ಮೂಲೆಗಳು ಚೂಪಾಗಿರಬಾರದು, ಬಿರುಕು ಅಲ್ಲಿಂದಲೇ ಶುರು. ಮೊದಲು ನಾಲ್ಕು ಮೂಲೆಗೆ ಹೋಲ್ ಸಾ ಹಾಕಿ ದುಂಡಗೆ ಕೊರೆದು, ಆಮೇಲೆ ಆ ತೂತುಗಳ ನಡುವೆ ಜಿಗ್‌ಸಾ ಗರಗಸದಿಂದ ಕೊಯ್ದು ಸೇರಿಸಿ. ಹೊರಮೈ ಚಕ್ಕೆ ಏಳದಂತೆ ಮಾಸ್ಕಿಂಗ್ ಟೇಪ್ ಅಂಟಿಸಿ. ಫೈಬರ್ ಪುಡಿ ಮೈಗೆ ಬಿದ್ದರೆ ತುರಿಕೆ ಬೇಗ ಹೋಗುವುದಿಲ್ಲ, ಶ್ವಾಸಕೋಶಕ್ಕೆ ಇನ್ನೂ ಕೆಟ್ಟದ್ದು. ಒಳ್ಳೆಯ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಬೇಕೇ ಬೇಕು. ಹಾಸಿಗೆ ಮೊದಲೇ ಹೊರಗೆ.

ನಿಜವಾದ ಕೆಲಸ ಕೊರೆದ ಮೇಲೆ ಶುರುವಾಗುತ್ತದೆ. ಅನೇಕ ದೋಣಿಗಳ ಕ್ಯಾಬಿನ್ ಗೋಡೆ ಎರಡು ಫೈಬರ್ ಪದರ, ನಡುವೆ ಬಾಲ್ಸಾ ಮರ, ಪ್ಲೈವುಡ್ ಅಥವಾ ಫೋಮ್. ತೂತು ಕೊರೆದ ಕೂಡಲೇ ಆ ನಡುವಿನ ಪದರದ ಅಂಚು ಬಯಲಾಗುತ್ತದೆ. ನೀರು ಸೋರದಂತೆ ಸಂದಿಗೆ ತುಂಬುವ ಸೀಲಂಟ್ ಇದೆಯಲ್ಲ ಅಂತ ಸುಮ್ನೆ ಬಿಟ್ಟರೆ, ಅದು ಸೋತ ದಿನ ಬಾಲ್ಸಾ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ನಿಮಗೆ ಒಂದು ಹನಿಯೂ ಕಾಣುವುದಿಲ್ಲ, ಗೊತ್ತಾಗುವಾಗ ಗೋಡೆ ಮೆತ್ತಗಾಗಿರುತ್ತದೆ. ಅದಕ್ಕೆ ಅಂಚಿನ ಸುತ್ತ 10-15 ಮಿ.ಮೀ. ಒಳಗಿನವರೆಗೆ ಆ ಮರವನ್ನು ಕೆದಕಿ ತೆಗೆದು, ಮೊದಲು ತೆಳು ಎಪಾಕ್ಸಿ ಸವರಿ, ಮೇಲೆ ಪುಡಿ ಬೆರೆಸಿದ ದಪ್ಪ ಎಪಾಕ್ಸಿ ತುಂಬಿ. ಬೋಲ್ಟ್ ತೂತುಗಳು ಈ ತುಂಬಿದ ಪಟ್ಟಿಯ ಆಚೆ ಬಿದ್ದರೆ ಅವಕ್ಕೂ ಇದೇ ಉಪಚಾರ. ಇಡೀ ಕೆಲಸದಲ್ಲಿ ಬೇಜಾರಿನದು ಇದೇ, ಬಿಡಬಾರದ್ದೂ ಇದೇ.

ಪ್ರಶ್ನೆ: ಫ್ರೇಮ್ ಇರುವ ಕಿಟಕಿ ದುಬಾರಿ. ಬೆಳಕು ಸಾಕು, ತೆರೆಯುವುದು ಬೇಡ. ಅಕ್ರಿಲಿಕ್ ಹಾಳೆ ಕೊರೆದು ಸುತ್ತ ಸ್ಕ್ರೂ ಹಾಕಿದರೆ ಆಗುವುದಿಲ್ಲವೇ? ಪಾಲಿಕಾರ್ಬೊನೇಟ್ ಆದರೆ ಒಡೆಯುವುದೇ ಇಲ್ಲವಂತೆ?

ಉತ್ತರ: ತೆರೆಯದ ಕಿಟಕಿ ಒಳ್ಳೆಯ ಆಯ್ಕೆ, ಸೋರುವ ಜಾಗ ಕಡಿಮೆ. ಸ್ಕ್ರೂ ಬಗ್ಗೆ ಮಾತ್ರ ಹುಷಾರು. ಬಿಸಿಯಾದರೆ ಅಕ್ರಿಲಿಕ್ ಫೈಬರ್‌ಗ್ಲಾಸ್‌ಗಿಂತ ಬಹಳ ಜಾಸ್ತಿ ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ ಸುಮಾರು 0.07 ಮಿ.ಮೀ. ಕಡಿಮೆ ಅನ್ನಿಸುತ್ತದೆ ಅಲ್ವಾ? 600 ಮಿ.ಮೀ. ಉದ್ದದ ಹಾಳೆ ರಾತ್ರಿಗೂ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸ ಕಂಡರೆ ಒಂದೂಕಾಲು ಮಿ.ಮೀ. ಹಿಗ್ಗುತ್ತದೆ. ಬಿಗಿದ ಸ್ಕ್ರೂ ಅದನ್ನು ತಡೆಯುತ್ತದೆ, ದಿನಾ ತಡೆದು ತಡೆದು ಕೊನೆಗೆ ತೂತಿನಿಂದ ಬಿರುಕು ಹೊರಡುತ್ತದೆ. ಸ್ಕ್ರೂ ಹಾಕಲೇಬೇಕಾದರೆ ತೂತು ಅದಕ್ಕಿಂತ ದೊಡ್ಡದಿರಲಿ, ತಲೆ ಚಪ್ಪಟೆಯಾಗಿ ಹಾಳೆಯ ಮೇಲೆ ಕೂರುವಂಥದ್ದಿರಲಿ. ನನಗೆ ಇಷ್ಟವಾದದ್ದು ಸ್ಕ್ರೂ ಇಲ್ಲದ ದಾರಿ. ಹಾಳೆಯನ್ನು ತೂತಿಗಿಂತ ಎಲ್ಲ ಕಡೆ 25-30 ಮಿ.ಮೀ. ದೊಡ್ಡದು ಮಾಡಿ, ಹೊರಗಿನಿಂದ ಅಂಟಿಸುವುದು. ಅಲೆ ಬಡಿದರೆ ಹಾಳೆಯನ್ನು ಗೋಡೆಗೇ ಒತ್ತುತ್ತದೆ, ಒಳಗೆ ತಳ್ಳುವುದಿಲ್ಲ. ನಡುವೆ ಸೀಲಂಟ್ 3 ಮಿ.ಮೀ. ದಪ್ಪವಾದರೂ ಉಳಿಯಬೇಕು, ಹಿಗ್ಗಿ ಕುಗ್ಗಲು ಜಾಗ ಕೊಡುವುದು ಅದೇ.

ಯಾವ ಸೀಲಂಟ್? ಪಾಲಿಸಲ್ಫೈಡ್ ಬೇಡವೇ ಬೇಡ, ಅದು ಈ ಪ್ಲಾಸ್ಟಿಕ್‌ಗಳನ್ನೇ ಹಾಳು ಮಾಡುತ್ತದೆ. ಕಟ್ಟಡಗಳ ಗಾಜು ಅಂಟಿಸುವ ಸ್ಟ್ರಕ್ಚರಲ್ ಸಿಲಿಕೋನ್ ಚೆನ್ನಾಗಿ ಹಿಡಿಯುತ್ತದೆ. ಅದರ ಒಂದೇ ದೋಷ, ಸಿಲಿಕೋನ್ ತಾಗಿದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ಬಣ್ಣ ಹೊಡೆಯುವುದಿದ್ದರೆ ಮೊದಲೇ ಮುಗಿಸಿ. ಹಾಳೆಯನ್ನು ಅಸಿಟೋನ್ ಅಥವಾ ಥಿನ್ನರ್‌ನಿಂದ ಒರೆಸಿದರೆ ಒಳಗೆಲ್ಲ ಸಣ್ಣ ಸಣ್ಣ ಗೆರೆ ಬೀಳುತ್ತದೆ. ಸೋಪು ನೀರು ಸಾಕು.

ಪಾಲಿಕಾರ್ಬೊನೇಟ್ ಪೆಟ್ಟು ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ, ನಿಜ. ಆದರೆ ಬೇಗ ಗೀರು ಬೀಳುತ್ತದೆ, ಬಿಸಿಲಿಗೆ ಅಕ್ರಿಲಿಕ್‌ಗಿಂತ ಬೇಗ ಮಂಕಾಗಿ ಹಳದಿಯಾಗುತ್ತದೆ. ನೋಡುವುದಕ್ಕೆ ಅಂತ ಇಟ್ಟ ಕಿಟಕಿಗೆ ಅಕ್ರಿಲಿಕ್ಕೇ ಸರಿ. ಹೊಗೆಬಣ್ಣದ್ದು ತೆಗೆದುಕೊಂಡರೆ ಹಗಲಲ್ಲಿ ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ರಾತ್ರಿ ದೀಪ ಹಚ್ಚಿದರೆ ಎಲ್ಲ ಕಾಣುತ್ತದೆ, ಪರದೆ ಹಾಕಿ.

ಪ್ರಶ್ನೆ: ಫ್ರೇಮ್ ಇರುವ ಕಿಟಕಿ ಹಾಕಿ ಸ್ವಲ್ಪ ದಿನಕ್ಕೇ ಕೆಳಗಿನ ಮೂಲೆಯಿಂದ ಹನಿ. ಹೊರಗಿನಿಂದ ಸಿಲಿಕೋನ್ ಬಳಿದೆ, ನಿಲ್ಲಲಿಲ್ಲ.

ಉತ್ತರ: ನಿಲ್ಲುವುದಿಲ್ಲ. ಬಹುಶಃ ಮೊದಲ ದಿನವೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿದಿದ್ದೀರಿ, ಸೀಲಂಟೆಲ್ಲ ಹೊರಗೆ ಹಿಂಡಿಹೋಗಿ ಫ್ರೇಮ್ ಕೆಳಗೆ ಏನೂ ಉಳಿದಿಲ್ಲ. ಬಿಚ್ಚಿ, ಹಳೆಯದನ್ನೂ ನೀವು ಬಳಿದ ಸಿಲಿಕೋನ್ ಅನ್ನೂ ಪೂರ್ತಿ ಕೆರೆದು ತೆಗೆದು, ಬ್ಯೂಟೈಲ್ ಟೇಪ್ (ಮೆತ್ತಗಿನ ರಬ್ಬರಿನಂಥ ಅಂಟುಪಟ್ಟಿ) ಇಟ್ಟು ಮತ್ತೆ ಕೂರಿಸಿ. ಅದು ಗಟ್ಟಿಯಾಗುವ ಅಂಟಲ್ಲ, ಆದ್ದರಿಂದ ಇವತ್ತು ಸ್ವಲ್ಪ, ನಾಳೆ ಸ್ವಲ್ಪ ಅಂತ ನಿಧಾನಕ್ಕೆ ಬಿಗಿಯುತ್ತಾ ಹೋಗಬಹುದು.

ಬಿಚ್ಚುವ ಮುಂಚೆ ಮಾತ್ರ ಸೋರುವುದು ಆ ಕಿಟಕಿಯೇ ಅಂತ ಖಾತ್ರಿ ಮಾಡಿಕೊಳ್ಳಿ. ಡೆಕ್ ಮೇಲಿನ ಯಾವುದೋ ಬೋಲ್ಟಿನಿಂದ ಇಳಿದ ನೀರು ಲೈನಿಂಗ್ ಹಿಂದೆ ಹರಿದು ಬಂದು ಕಿಟಕಿಯ ಮೂಲೆಯಲ್ಲಿ ಹನಿಯುವುದೂ ಉಂಟು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಮೊದಲು ಕಿಟಕಿಯ ಕೆಳಗಿನ ಅಂಚು, ಕೆಲವು ನಿಮಿಷ ಕಾದು ಪಕ್ಕದ ಅಂಚು, ಆಮೇಲೆ ಮೇಲಿನದು, ಕೊನೆಗೆ ಡೆಕ್. ಮೇಲಿಂದಲೇ ಶುರು ಮಾಡಿದರೆ ಎಲ್ಲ ಒಟ್ಟಿಗೆ ನೆನೆದು ಯಾವ ಜಾಗ ಅಂತ ಗೊತ್ತೇ ಆಗುವುದಿಲ್ಲ.